ನಾಲ್ಕು ವರ್ಷದ ಮೇಯರ್

ಮಾರ್ಚ್ 3

ಮಾತ್ರೆ ನುಂಗಿ ಪೇಪರ್ ಬಿಡಿಸಿದೆ. ಬಸ್ ನಿಲ್ದಾಣದ ಶೌಚಾಲಯದ ಬಗ್ಗೆ ನಾನು ಬರೆದ ಪತ್ರ ಪೂರ್ತಿ ಬಂದಿದೆ. ಓದುಗರ ಪುಟ ನೋಡುವ ಉಪಸಂಪಾದಕ — ನಮ್ಮ ಮನೆಯಲ್ಲಿ ಅವನ ಹೆಸರೇ ‘ಕತ್ತರಿ’ — ನನ್ನ ಪತ್ರವನ್ನು ಮುಟ್ಟದೆ ಬಿಟ್ಟದ್ದು ಇದೇ ಮೊದಲು. ಅನುಮಾನ.

ಪೇಪರ್ ಕೂಡ ಮೊದಲು ನನ್ನ ಕೈಗೇ ಬಂತು. ಮದುವೆಯಾದಾಗಿನಿಂದ ಅದಕ್ಕೆ ಕಿತ್ತಾಡಿದವರು ನಾವು. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಕೆಲವೇ ತಿಂಗಳು ಎಂದು ಡಾಕ್ಟರ್ ಹೇಳಿದ ಮೇಲೆ ನನ್ನ ಗಂಡನ ಬಾಯಲ್ಲಿ ಒಂದೇ ಮಾತು: “ನೀನು ಹೇಳಿದ ಹಾಗೇ ಆಗ್ಲಿ.” ಜೀವ ಇರುವಾಗಲೇ ಫೋಟೊ ಮಾಡಿ ಗೋಡೆಗೆ ಹಾಕಿದಂತೆ.

ಮಾರ್ಚ್ 5

ಪರೀಕ್ಷೆಗೆಂದೇ ಒಂದು ಪತ್ರ ಕಳಿಸಿದೆ. ಸೋರುವ ಗ್ರಂಥಾಲಯದ ಬಗ್ಗೆ. ಮೇಯರ್ ಹುಟ್ಟಿದ ಇಸವಿ ಸರಿಯಾಗಿ ಕೊಟ್ಟು, ಅವರು ಗ್ರಂಥಾಲಯ ಉದ್ಘಾಟಿಸಿದ ಇಸವಿಯನ್ನು ಬೇಕೆಂದೇ ತಪ್ಪು ಹಾಕಿದ್ದೇನೆ. ಕೂಡಿ ಕಳೆದರೆ, ಟೇಪು ಕತ್ತರಿಸಿದ ದಿನ ಮೇಯರ್‌ಗೆ ನಾಲ್ಕು ವರ್ಷ. ಕತ್ತರಿ ಇಂಥದ್ದನ್ನು ಬಿಡುವ ಆಸಾಮಿಯಲ್ಲ.

ಮಾರ್ಚ್ 8

ಬಿಟ್ಟಿದ್ದಾನೆ! ಪತ್ರದ ಸುತ್ತ ಬಾಕ್ಸ್ ಕಟ್ಟಿ ಬೇರೆ! ಮೈ ಉರಿದು ಫೋನ್ ಮಾಡಿದೆ.

“ಏನಪ್ಪಾ, ಮೇಯರ್ ವಯಸ್ಸು ನೋಡಲಿಲ್ವಾ?”

“ನೋಡಿದೆ ಮೇಡಂ... ನಿಮಗೆ ಹುಷಾರಿಲ್ಲ ಅಂತ ನಿಮ್ಮ ಯಜಮಾನ್ರು ಹೇಳಿದ್ರು...”

“ನನಗೆ ಹುಷಾರಿಲ್ಲದಿದ್ರೆ ಮೇಯರ್ ಯಾಕೆ ಚಡ್ಡಿ ಹಾಕ್ಕೋಬೇಕು?”

ನಕ್ಕುಬಿಟ್ಟ. ಆಮೇಲೆ, ಮೆಲ್ಲಗೆ: “ಹಾಗಾದ್ರೆ ಹೇಳ್ತೀನಿ. ಶೌಚಾಲಯದ ಪತ್ರದಲ್ಲೂ ಅರ್ಧ ಬರೀ ಪೀಠಿಕೆ.”

ಎಂಥ ಸೊಕ್ಕು! ಎಷ್ಟು ಹಿತವಾಯಿತು. ಪಕ್ಕದಲ್ಲೇ ಕೂತಿದ್ದ ನನ್ನ ಗಂಡನಿಗೂ ಎಲ್ಲ ಕೇಳಿಸಿತು.

ಮಾರ್ಚ್ 17

ನೋವು. ಕೂರಲು ಆಗಿರಲಿಲ್ಲ.

ಇವತ್ತು ನನ್ನ ತಿದ್ದುಪಡಿ ಪತ್ರ ಬಂದಿದೆ. ಅರ್ಧಕ್ಕರ್ಧ ಹೋಗಿದೆ, ಒಳ್ಳೆಯ ವಾಕ್ಯವೇ ಹೋಗಿದೆ. ಅದನ್ನು ಮೊದಲು ಓದಿದ್ದು ಇವರು! ಬಾಗಿಲಲ್ಲೇ ನಿಂತು, “ಸರಿಯಾಗೇ ಕತ್ತರಿ ಹಾಕಿದಾನೆ” ಅಂದರು.

“ಏನ್ರೀ ಸರಿ? ನಿಮಗೇನು ಗೊತ್ತು?”

ಹಾಲು ಉಕ್ಕಿ ಹೋಗುವವರೆಗೆ ಜಗಳ. ಒಲೆ ಒರೆಸುತ್ತಾ ಇವರೇ ಹೇಳಿದರು: “ಭಯ ಆಗ್ತಿತ್ತು ಕಣೆ. ಬೈದಿದ್ದೇ ಕೊನೇ ಮಾತಾಗ್ಬಿಟ್ರೆ ಅಂತ.”

“ಆಗ್ಲಿ ಬಿಡಿ. ‘ನೀನು ಹೇಳಿದ ಹಾಗೇ ಆಗ್ಲಿ’ ಅನ್ನೋದಕ್ಕಿಂತ ವಾಸಿ.”

ಇಬ್ಬರೂ ನಕ್ಕೆವು. ಇವರು ಅತ್ತರು ಕೂಡ. ಸುಟ್ಟ ಹಾಲಿನ ವಾಸನೆ ಇನ್ನೂ ಇದೆ. ಚೆನ್ನಾಗಿ ನಿದ್ದೆ ಬರುತ್ತದೆ ಅನಿಸುತ್ತಿದೆ.

ಮಾರ್ಚ್ 26

ಅಕ್ಷರ ಓರೆಯಾಗುತ್ತಿದೆ. ಹೊಸ ಪತ್ರ: ಆಸ್ಪತ್ರೆಯ ಲಿಫ್ಟ್. ಮೂರನೇ ವಾಕ್ಯ ಅತಿಯಾಯಿತು ಎಂದು ಇವರು ಅಡುಗೆಮನೆಯಿಂದ ಕೂಗುತ್ತಿದ್ದಾರೆ. ಇಲ್ಲ, ಅದು ಇರಲೇಬೇಕು, ಯಾಕೆಂದರೆ —