ಆ ದಿನ ನೀನು ಚಹಾ ತರಲಿಲ್ಲ

ಭೀಮು ಮಾಮಾ,

ಸತ್ತವರಿಗೆ ಕಾಗದ ಬರೆಯುವುದು ಹುಚ್ಚುತನ ಎಂದು ಅವ್ವ ಅನ್ನುತ್ತಾಳೆ. ಅನ್ನಲಿ. ಬದುಕಿದ್ದಾಗ ನನ್ನ ಒಂದೇ ಒಂದು ಪ್ರಶ್ನೆ ಬಂದರೆ ಸಾಕು, ನೀನು ಬೀಡಿ ಸೇದುವ ನೆಪ ಹೇಳಿ ಹೊರಗೆ ಎದ್ದು ಹೋಗುತ್ತಿದ್ದೆ. ಈಗ ಎಲ್ಲಿಗೆ ಹೋಗುತ್ತೀ? ಕೂತು ಕೇಳು. ನೀನು ತೀರಿಕೊಂಡಾಗ ಪುಣೆಯ ಧನಕವಡಿಯ ನಮ್ಮ ಮನೆಯ ಮುಂದೆ ನಾಟಕದವರೆಲ್ಲ ಬಂದು ನಿಂತಿದ್ದರು. "ಎಂಥಾ ದೊಡ್ಡ ಉಸ್ತಾದ" ಎಂದು ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ ಮಾಮಾ, ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ.

ನೆನಪಿದೆಯೇ, ನಿಮ್ಮ ಸರ್ಕಸ್ ಪ್ರತಿ ಚಳಿಗಾಲಕ್ಕೆ ಪುಣೆಗೆ ಬಂದು ನದಿ ದಂಡೆಯ ಮೈದಾನದಲ್ಲಿ ಡೇರೆ ಹಾಕುತ್ತಿತ್ತು. ಅಪ್ಪ ಕಾಳಿನಂಗಡಿಯಲ್ಲಿ ಗುಮಾಸ್ತ. ಹೆಂಡತಿಯ ತಮ್ಮ ಸರ್ಕಸ್ಸಿನವನು ಎಂದು ಯಾರಿಗೂ ಹೇಳುತ್ತಿರಲಿಲ್ಲ. ನಾನು ಮಾತ್ರ ಶಾಲೆಯಲ್ಲೆಲ್ಲ ಸಾರುತ್ತಿದ್ದೆ. ನೀನು ಕ್ಯಾಚರ್. ಝೂಲಾದ ಮೇಲೆ ಮೊಣಕಾಲು ಮಡಚಿ ತಲೆಕೆಳಗಾಗಿ ತೂಗುತ್ತಾ, ಎದುರಿನಿಂದ ಗಾಳಿಯಲ್ಲಿ ಹಾರಿ ಬರುವ ಹುಡುಗಿಯರ ಮಣಿಕಟ್ಟು ಹಿಡಿಯುವವನು. ಹತ್ತನೆಯ ತರಗತಿ ಮುಗಿಯುತ್ತಲೇ ನಾನೂ ಹಾರುತ್ತೇನೆ ಎಂದು ಹಟ ಹಿಡಿದೆ. "ಹೆಣ್ ಹುಡುಗೀನ್ನ ಸರ್ಕಸ್ಸಿಗೆ ಕಳಸ್ತಾರೇನ? ಮಂದಿ ಏನಂದಾರು?" ಎಂದು ಅಪ್ಪ ಕೂಗಾಡಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಹಿಡಿಯಾಂವ ನನ್ನ ತಮ್ಮ ಅದಾನ. ನನಗ ಅಂಜಿಕಿ ಇಲ್ಲ." ಆ ಒಂದು ಮಾತಿನ ಮೇಲೆ ನನ್ನ ಬದುಕು ಶುರುವಾಯಿತು.

ಮೊದಲ ಸಲ ಬಲೆಗೆ ಬಿದ್ದ ಸಂಜೆ ನಿನ್ನಿಂದ ಒಂದು ಪದ್ಧತಿ ಕಲಿತೆ. ನಿನಗೆ ಅವತ್ತು ಜ್ವರ. ನಿನ್ನ ಕೈ ತಡವಾಗಿ ತೆರೆದದ್ದು ಡೇರೆಯಲ್ಲಿದ್ದವರಿಗೆಲ್ಲ ಕಂಡಿತ್ತು. ನಾನು ಬಲೆಯಿಂದ ಇಳಿಯುವಷ್ಟರಲ್ಲಿ ನೀನು ಕೆಳಗೆ ಬಂದು ಕಿವಿಯ ಹತ್ತಿರ ಗದರಿದೆ: "ತಪ್ಪು ನಂದು ಅನ್ನ. ಎಲ್ಲಾರಿಗೂ ಕೇಳೂ ಹಂಗ ಅನ್ನ." ನಾನು ಅಂದೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಅಂದೆ. ಆಮೇಲೆ ಪರದೆಯ ಹಿಂದೆ ಮುಖ ಊದಿಸಿಕೊಂಡು ಕೂತಿದ್ದಾಗ, ಯಾರಿಗೂ ಒಂದು ಲೋಟ ನೀರು ಕೊಡದ ಕ್ಯಾಚರ್ ಸಾಹೇಬ ತಾನೇ ಕೈಯಾರೆ ಚಹಾ ತಂದು ನನ್ನ ಮುಂದೆ ಇಟ್ಟ. ಜೊತೆಯ ಹುಡುಗಿಯರು ಕಿಸಕ್ಕೆಂದು ನಕ್ಕರು. ಬಿದ್ದವಳೇ ತಪ್ಪು ಒಪ್ಪಿಕೊಳ್ಳಬೇಕು, ಯಾರದೇ ಆಗಿರಲಿ. ತಪ್ಪು ಕ್ಯಾಚರನದಾಗಿದ್ದರೆ ಅವನು ಒಳಗೆ ಚಹಾ ತರುತ್ತಾನೆ. ಡೇರೆಯಲ್ಲಿ ಎಲ್ಲರಿಗೂ ಗೊತ್ತಿದ್ದ ರೀತಿ ಅದು.

"ಇದೆಂಥಾ ನ್ಯಾಯ?" ಎಂದು ಆ ಚಹಾ ಕುಡಿಯುತ್ತಲೇ ಜಗಳ ತೆಗೆದೆ. ನೀನು ಬೀಡಿ ಹಚ್ಚಿ, "ಕ್ಯಾಚರ್ ಒಮ್ಮೆ ಮಂದಿ ಮುಂದ ತಪ್ಪು ನಂದು ಅಂದ ಅಂದ್ರ, ಮರುದಿವಸ ಒಬ್ಬಾಕಿನೂ ಜಿಗಿಯೂದಿಲ್ಲ, ರೇಣಿ. ನಂಬಿಗಿ ಹೋತಂದ್ರ ಝೂಲಾ ಬಿಚ್ಚಿ ಗಾಡಿಗೆ ಹಾಕೂದ" ಅಂದೆ. ನನಗೆ ಒಪ್ಪಿಗೆಯಾಯಿತು. ಹೊರಗೆ ನನ್ನ ಬಾಯಿಮಾತು, ಒಳಗೆ ನಿನ್ನ ಚಹಾ. ಎಷ್ಟೋ ಊರು ತಿರುಗಿದೆವು, ಎಷ್ಟೋ ಸಲ ಬಿದ್ದೆ. ನಿನ್ನ ತಪ್ಪಿದ್ದಾಗ ಚಹಾ ಬಂದೇ ಬರುತ್ತಿತ್ತು. ನಿನ್ನ ಪ್ರಾಮಾಣಿಕತೆಯ ಮೇಲೆ ನನಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ, ಸುಳ್ಳಲ್ಲ.

ಸರ್ಕಸ್ ಮುಚ್ಚಿತಲ್ಲ, ಅದರ ಕೊನೆಯ ಆಟ ನೋಡಲು ಸಂಜಯ ಬಂದಿದ್ದ. ಪುಣೆಯ ಹೊಸ ಹುಡುಗ, ಮಾತಿಗಿಂತ ಮೈಯಿಂದಲೇ ಕತೆ ಹೇಳುವ ನಾಟಕ ಮಾಡಿಸುವವನು. ಊರಂಚಿನ ಕೊಂಢವಾದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಬುಟ್ಟಿ ಹೊರುವ ಹೆಂಗಸರ ಮೇಲೆ ಅವನ ನಾಟಕ. ರಂಗದ ತುಂಬಾ ಸಾರುವೆ ಕಂಬಗಳು, ಒಂದೇ ಒಂದು ಮಾತಿಲ್ಲ. ಮುಖ್ಯ ಪಾತ್ರ ನನಗೆ! ನನ್ನ ಮರಾಠಿ ಕೇಳಿ ನಗುವವರಿಗೆ ನಗಲು ಜಾಗವೇ ಇರಲಿಲ್ಲ. ಕೊನೆಯಲ್ಲಿ ಆ ಹೆಂಗಸು ತುದಿಯಿಂದ ಹಾರಬೇಕು, ಎದುರಿನ ಕಂಬದಿಂದ ತೂಗುತ್ತಿರುವ ಸತ್ತ ಗಂಡ ಅವಳನ್ನು ಹಿಡಿಯಬೇಕು. ಆ ಗಂಡ ನೀನು. ಮೊದಲ ದಿನದ ತಾಲೀಮಿನಲ್ಲಿ ನಟ ನಟಿಯರೆಲ್ಲ ನೆಲದ ಮೇಲೆ ಉರುಳಾಡುವುದನ್ನು ನೋಡಿ ನೀನು, "ಇವರಿಗೇನ ಹೊಟ್ಟಿ ಕಡೀತೇನ?" ಎಂದು ಕೇಳಿ ನನ್ನನ್ನು ನಗಿಸಿದ್ದೆ. ಆ ನಗುವಿನಲ್ಲೇ ನಾನು ನಟಿಯಾದೆ ಅನ್ನಿಸುತ್ತದೆ. ಬಲೆಗೆ ಹೆದರದ ಮೈಯೊಳಗೆ ಒಬ್ಬ ಹೆಂಗಸಿನ ದುಃಖ ಕೂಡ ಹಿಡಿಸುತ್ತದೆ ಎಂದು ನನಗೆ ತಿಳಿದದ್ದು ಆ ತಾಲೀಮಿನ ಕೋಣೆಯಲ್ಲಿ.

ಆ ತಾಲೀಮಿನ ದಿನಗಳಲ್ಲಿ ಮನೆಯಲ್ಲಿ ನೀನು ಕಪ್ಪಿನ ಚಹಾವನ್ನು ಬಸಿಯ ಹೊರಗೆ ಸುರಿಯುತ್ತಿದ್ದದ್ದನ್ನು ನಾನೊಬ್ಬಳೇ ನೋಡಿದ್ದೆ. ಲುಂಗಿಯ ತುದಿಯಿಂದ ಒರೆಸಿ ಏನೂ ಆಗಿಲ್ಲದವರ ಹಾಗೆ ಕೂರುತ್ತಿದ್ದೆ. ಬಾಗಿಲಲ್ಲಿ ನಿಂತ ಅವ್ವನನ್ನು ನಾನೆಂದುಕೊಂಡು "ರೇಣಿ" ಎಂದು ಕರೆದಿದ್ದೆ. ಡಾಕ್ಟರಿಗೆ ತೋರಿಸೋಣು ನಡಿ ಅಂದರೆ, "ಕಣ್ಣಿಲೆ ಹಿಡೀತಾರೇನ ಹುಚ್ಚಿ? ಅಂದಾಜಿಲೆ ಹಿಡೀತಾರ" ಎಂದು ಬಾಯಿ ಮುಚ್ಚಿಸಿದೆ. ನಾನೂ ಸರಿ ಎಂದೆ. ನೀನು ಹೇಳಿದ್ದನ್ನು ಅನುಮಾನಿಸುವ ಅಭ್ಯಾಸ ಯಾರು ಕಲಿಸಿದ್ದರು ನನಗೆ?

ಪ್ರಯೋಗಕ್ಕೆ ಇನ್ನೇನು ಒಂದು ವಾರ ಅನ್ನುವಾಗ ಸಂಜಯ ಹತ್ತಾರು ಜನರನ್ನು ತಾಲೀಮು ನೋಡಲು ಕರೆದಿದ್ದ. ನಾನು ಸರಿಯಾದ ಕ್ಷಣಕ್ಕೇ ಕಂಬ ಬಿಟ್ಟೆ ಮಾಮಾ. ನೀನು ತೂಗಿ ಬರುವ ತಾಳ ನನ್ನ ಎದೆಯಲ್ಲಿತ್ತು, ಅದು ತಪ್ಪುವುದು ಸಾಧ್ಯವೇ? ಗಾಳಿಯಲ್ಲಿ ಕಣ್ಣು ತೆರೆದೇ ಇದ್ದೆ. ನಿನ್ನ ಎರಡೂ ಕೈ ನನ್ನ ಪಕ್ಕಕ್ಕೆ, ಬರೀ ಗಾಳಿಗೆ, ಚಾಚಿಕೊಂಡವು. ನಿನಗೆ ನಾನು ಕಾಣಲೇ ಇಲ್ಲ. ಕೆಳಗೆ ಬಲೆಯಲ್ಲ, ಗಾದಿ ಹಾಸಿದ್ದರು. ಕೊರಳಿನಿಂದ ಭುಜಕ್ಕೆ ಹೋಗುವ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಆ ನೋವಿನಲ್ಲೂ ನಾನು ಏನು ಮಾಡಿದೆ ಗೊತ್ತಲ್ಲ? ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ "ಮಾಝಂ ಚುಕಲಂ" ಅಂದೆ. ತಪ್ಪು ನಂದು. ಅಂದು, ಸುಮ್ಮನೆ ಮಲಗಿ ನಿನ್ನ ಚಹಾಕ್ಕೆ ಕಾದೆ.

ಸಂಜೆ ನೀನು ಆಸ್ಪತ್ರೆಗೆ ಬಂದೆ. ಬರಿಗೈಯಲ್ಲಿ ಬಂದೆ, ಸಂಜಯನನ್ನು ಕರೆದುಕೊಂಡು ಬಂದೆ. ನಿನ್ನ ಹರಕು ಮರಾಠಿಯಲ್ಲಿ ನನ್ನ ಮುಂದೆಯೇ ಅವನಿಗೆ ಹೇಳಿದೆ. ನಾನು ಬೇಗ ಬಿಟ್ಟೆನಂತೆ. ನನ್ನೊಳಗೆ ಹೆದರಿಕೆ ಹೊಕ್ಕಿದೆಯಂತೆ. ಇನ್ನು ನನ್ನನ್ನು ಮೇಲೆ ಹತ್ತಿಸಬಾರದಂತೆ. ಆಮೇಲೆ ಅವ್ವನ ಕಡೆ ತಿರುಗಿ ಕನ್ನಡದಲ್ಲಿ, "ಅಕ್ಕಾ, ಆಕಿಗೆ ಜೀವದ ಅಂಜಿಕಿ ಬಂದೈತಿ. ಇನ್ನ ಇದು ಸಾಕ" ಅಂದೆ. ಅವ್ವ ನನ್ನ ತಲೆ ಸವರಿದಳು. ಡೇರೆಯೊಳಗೆ ನಾವಿಬ್ಬರು ಒಪ್ಪಿ ಆಡಿದ ಸುಳ್ಳನ್ನು ನೀನು ಹೊರಗೆ ಒಯ್ದು ಅದನ್ನೇ ನಿಜ ಮಾಡಿಬಿಟ್ಟೆಯಲ್ಲೋ! ಸಂಜಯನಿಗೆ ನಮ್ಮ ಪದ್ಧತಿ ಏನು ಗೊತ್ತು? ಬಿದ್ದವಳೂ ತಪ್ಪು ನಂದು ಅಂದಿದ್ದಾಳೆ, ಹಿಡಿಯುವವನೂ ಅವಳದೇ ತಪ್ಪು ಅನ್ನುತ್ತಿದ್ದಾನೆ, ಮತ್ತೇನು ಬೇಕು? ನಿಜ ನಿನ್ನ ಬಾಯಿಂದಲೇ ಬರಲಿ ಎಂದು ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ಕಿಟಕಿ ನೋಡುತ್ತಿದ್ದೆ.

ನಾಟಕ ನಡೆಯಿತು. ಬೇರೆ ಹುಡುಗಿ, ಸೊಂಟಕ್ಕೆ ಹಗ್ಗ, ಕ್ಯಾಚರ್ ಇಲ್ಲ. ಮುಂಬಯಿ ದಿಲ್ಲಿ ಎಲ್ಲ ಸುತ್ತಿ ಬಂತು. ನೀನು ಅವರಿಗೆಲ್ಲ ಉಸ್ತಾದನಾದೆ, ಹುಡುಗ ಹುಡುಗಿಯರಿಗೆ ಕಲಿಸತೊಡಗಿದೆ. ಮಳೆಗಾಲ ಮುಗಿಯುತ್ತಲೇ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಬಂದೆ. ಅವ್ವ ಗೋಧಿ ಹುಗ್ಗಿ ಮಾಡಿದಳು. ಅವತ್ತಾದರೂ ಬಾಯಿ ಬಿಡುತ್ತೀ ಅಂದುಕೊಂಡೆ. "ಈಗ ಸ್ವಚ್ಛ ಕಾಣಸ್ತದ ನೋಡ" ಎಂದು ಎರಡನೆಯ ಸಲ ಬಡಿಸಿಕೊಂಡೆ. ಕಾಣುತ್ತಿತ್ತೇ? ಎದುರಿಗೆ ಕೂತಿದ್ದ ನಾನು?

ಲೋಣಾವಳಾದ ಹೋಟೆಲಿನ ಅಂಗಳದಲ್ಲಿ ಬಣ್ಣದ ಟೋಪಿ ಹಾಕಿಕೊಂಡು ಹೊಟ್ಟೆಪಾಡಿಗೆ ನಾನು ಪಲ್ಟಿ ಹೊಡೆಯುತ್ತಿದ್ದ ದಿನಗಳನ್ನು ನಿನಗೆ ಹೇಳಲೇ ಇಲ್ಲ. ಮಳೆ ನೋಡಲು ಬಂದ ಸಂಸಾರಗಳು ಚಿಕ್ಕಿ ಜಗಿಯುತ್ತಾ ನೋಡುತ್ತಿದ್ದವು. ಪುಣೆಯ ಯಾವ ನಾಟಕದವರ ಹತ್ತಿರ ಹೋದರೂ ನನಗಿಂತ ಮೊದಲು ನಿನ್ನ ಮಾತು ಅಲ್ಲಿ ತಲುಪಿರುತ್ತಿತ್ತು. "ತೀ ಘಾಬರತೆ." ಅವಳು ಹೆದರುತ್ತಾಳೆ. ಹೆದರುವವಳು! ನಿನ್ನ ಕುರುಡು ಕೈಗಳ ಕಡೆಗೆ ಕಣ್ಣು ತೆರೆದು ಹಾರಿದವಳು ನಾನು. ಒಂದು ಸಲ, ಸಂಜಯನ ಮುಂದೆ, ಮೆತ್ತಗೆ, "ನನ್ನ ಕೈ ತಪ್ಪಿತು" ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಮಾಮಾ?

ಹಾಸಿಗೆ ಹಿಡಿದಾಗ ನಿನಗೆ ದಿನಾ ಚಹಾ ತಂದುಕೊಟ್ಟವಳು ನಾನು. ಬೇಕೆಂದೇ ಅವ್ವನ ಕೈಗೆ ಕೊಡದೆ ನಾನೇ ತರುತ್ತಿದ್ದೆ. ಚಹಾದ ಅರ್ಥ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ದಿನ ಕೇಳಿಯೇಬಿಟ್ಟೆ: "ಮಾಮಾ, ಅವತ್ತು ನಿನಗ ನಾ ಕಂಡಿದ್ನೇನ?" ನೀನು ಗೋಡೆಯ ಕಡೆ ಹೊರಳಿದೆ. "ಹಳೇದೆಲ್ಲಾ ಯಾಕ ತಗೀತಿ? ಸಕ್ಕರಿ ಕಡಿಮಿ ಆಗ್ಯದ ನೋಡ." ಅಷ್ಟೇ. ಸಕ್ಕರೆ ಹಾಕಿ ತಂದೆ. ಅದಾದ ಮೇಲೆ ನೀನು ಹೆಚ್ಚು ದಿನ ಇರಲಿಲ್ಲ. ಮತ್ತೆ ಕೇಳಬೇಕಿತ್ತು, ಭುಜ ಹಿಡಿದು ನನ್ನ ಕಡೆ ತಿರುಗಿಸಿ...

ಈಗ ಸುದ್ದಿ ಕೇಳು. ನಿನ್ನ ದಿನಕರ್ಮ ಮುಗಿದ ಮೇಲೆ ಸಂಜಯ ಮನೆಗೆ ಬಂದ. ಅದೇ ನಾಟಕವನ್ನು ಮತ್ತೆ ಎತ್ತುತ್ತಾನಂತೆ, ಈ ಸಲ ಸತ್ತ ಗಂಡನಲ್ಲ, ಸತ್ತ ತಾಯಿ ಬಂದು ಹಿಡಿಯುತ್ತಾಳಂತೆ. "ನೀನು ಜಿಗಿಯುವುದು ಬೇಡ ರೇಣುಕಾ, ಹಿಡಿದರೆ ಸಾಕು" ಎಂದ, ದೊಡ್ಡ ಉಪಕಾರ ಮಾಡುವವನ ಹಾಗೆ. ನಗು ಬಂತು. ಹಿಡಿಯುವುದು ಸುಲಭ ಎಂದುಕೊಂಡಿದ್ದಾನೆ ಪಾಪ. ಹೂಂ ಎಂದೆ. ಹಾರುವವಳು ಮುಕ್ತಾ, ನೀನೇ ಕಲಿಸಿದ ಕೊನೆಯ ಹುಡುಗಿ. ಈ ಸಲ ಬಲೆ ಕಟ್ಟದೆ ತಾಲೀಮಿಲ್ಲ ಎಂದು ನಾನು ಹಟ ಮಾಡಿ ಬಲೆ ಕಟ್ಟಿಸಿದೆ.

ನಿನ್ನೆ ಎಲ್ಲರ ಮುಂದೆ ಪೂರ್ತಿ ತಾಲೀಮು ಇತ್ತು. ಮುಕ್ತಾ ಚೊಕ್ಕವಾಗಿ ಬಿಟ್ಟಳು. ಅಂದು ಮುರಿದಿದ್ದ ನನ್ನ ಕೊರಳೆಲುಬು ಚುಳ್ಳೆಂದಿತು, ಕೈ ತಡವಾಯಿತು, ಅವಳು ಬಲೆಗೆ ಬಿದ್ದಳು. ಬಿದ್ದವಳು ಮೈ ಕೊಡವಿಕೊಳ್ಳುವ ಮೊದಲೇ ಜೋರಾಗಿ ಕೂಗಿದಳು: "ಮಾಝಂ ಚುಕಲಂ, ತಾಈ!" ತಪ್ಪು ನಂದು, ಅಕ್ಕಾ. ನಿನ್ನ ಪಾಠ! ನನ್ನ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು, ಸಂಜಯನ ಮುಂದೆ, ತಾಲೀಮಿಗೆ ಬಂದಿದ್ದ ಎಲ್ಲರ ಮುಂದೆ ಹೇಳಿದೆ: "ಇಲ್ಲ. ಅವಳು ಸರಿ ಬಿಟ್ಟಳು. ತಪ್ಪಿದ್ದು ನನ್ನ ಕೈ." ಸಂಜಯ ನನ್ನನ್ನೇ ನೋಡಿದ. ಅವನು ಮೂರ್ಖನಲ್ಲ, ಸ್ವಲ್ಪ ತಡ, ಅಷ್ಟೇ. "ಅಂದರೆ ಆವತ್ತು... ಉಸ್ತಾದ?" ಎಂದ. ಹೌದು ಎಂದೆ ಮಾಮಾ. ಆವತ್ತು ನಾನೂ ಸರಿಯಾಗಿಯೇ ಬಿಟ್ಟಿದ್ದೆ, ನಿನಗೆ ಕಣ್ಣು ಕಾಣುತ್ತಿರಲಿಲ್ಲ ಎಂದೆ. ನಿನ್ನ ಹೆಸರಿಗೆ ಇನ್ನು ಏನಾಗುತ್ತದೋ ಆಗಲಿ. ನನ್ನ ಹೆಸರನ್ನು ಇಷ್ಟು ವರ್ಷ ಯಾರು ಕಾಯ್ದಿದ್ದರು?

ಆಮೇಲೆ ಹೊರಗಿನ ಟಪರಿ ಅಂಗಡಿಗೆ ಹೋಗಿ ಚಹಾ ತಂದೆ. ಪರದೆಯ ಹಿಂದೆ ಕೊಡಲಿಲ್ಲ, ಎಲ್ಲರ ಕಣ್ಣೆದುರಿಗೇ ಮುಕ್ತಾಳ ಕೈಗಿಟ್ಟೆ. ಅವಳಿಗೆ ಅದರ ಅರ್ಥ ಗೊತ್ತಿತ್ತು, ನೀನು ಅದನ್ನೂ ಕಲಿಸಿದ್ದೆಯಲ್ಲ. ಹೆದರಿದ್ದೆ, ಹೌದು, ಈ ಸಲ ನಿಜವಾಗಿ ಹೆದರಿದ್ದೆ. ಕ್ಯಾಚರ್ ಒಮ್ಮೆ ತಪ್ಪು ನಂದು ಅಂದರೆ ಮರುದಿವಸ ಒಬ್ಬಳೂ ಜಿಗಿಯುವುದಿಲ್ಲ ಎಂದು ನೀನು ಜೀವಮಾನವಿಡೀ ನಂಬಿದ್ದೆ, ಆ ನಂಬಿಕೆಗೆ ನನ್ನನ್ನು ಬಲಿ ಕೊಟ್ಟಿದ್ದೆ. ನಾನು ಮತ್ತೆ ಮೇಲೆ ಹತ್ತಿ ತಲೆಕೆಳಗಾಗಿ ತೂಗಿಕೊಂಡು ಕಾದೆ.

ಮುಕ್ತಾ ಮರುದಿವಸದವರೆಗೂ ಕಾಯಲಿಲ್ಲ ಮಾಮಾ. ಚಹಾ ಮುಗಿಸಿ, ಲೋಟ ಬದಿಗಿಟ್ಟು, ಕಂಬ ಹತ್ತಿದಳು. ಜಿಗಿದಳು. ಹಿಡಿದೆ.

ನಿನ್ನ ಅಕ್ಕನ ಮಗಳು,
ರೇಣುಕಾ