ನೀರು ನಿಲ್ಲದ ಗುಂಡಿ

ಹಿಂದಿನ ಗೇಟಿನ ಎದುರು ಮನೆ,
ಮಾರ್ಚ್ ೬, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಬೆನ್ನುನೋವು ಹೇಗಿದೆ? ತರಬೇತಿಯವರು ಕೊಟ್ಟ ಮೆತ್ತನೆ ಹಾಸಿಗೆಯಲ್ಲಿ ಮಲಗಿ ಸೊಂಟ ಹಿಡಿಸಿಕೊಳ್ಳಬೇಡ. ನೆಲದ ಮೇಲೆ ಮಲಗಿದರೆ ಪ್ರೊಫೆಸರರ ಮರ್ಯಾದೆಯೇನೂ ಹೋಗುವುದಿಲ್ಲ. ನಿನ್ನ ಹೆಂಡತಿ ನಿನ್ನೆ ಬಂದಿದ್ದಳು, ಮಕ್ಕಳು ಚೆನ್ನಾಗಿದ್ದಾರೆ. ನನ್ನ ಮಂಡಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಆದರೂ ಬೆಳಿಗ್ಗೆ ಕ್ಯಾಂಪಸ್ ಸುತ್ತುವುದನ್ನು ಬಿಟ್ಟಿಲ್ಲ. ಫೋನ್ ಮಾಡಿದರೆ 'ಮೀಟಿಂಗ್‌ನಲ್ಲಿದೀನಿ ಅಕ್ಕಾ, ಆಮೇಲೆ ಮಾಡ್ತೀನಿ' ಅನ್ನುತ್ತೀಯ. ನಿನ್ನ 'ಆಮೇಲೆ' ಬರುವಷ್ಟರಲ್ಲಿ ಇಲ್ಲಿ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ಈ ಕಾಗದ.

ಹಾಳೆ ತಿರುಗಿಸಿ ನೋಡು. 'ಕಾಗದ ಉಳಿಸಿ' ಎಂಬ ಸುತ್ತೋಲೆ. ನಿಮ್ಮ ಹಸಿರು ಆವರಣ ಸಮಿತಿಯವರು ಇದನ್ನು ಒಂದೇ ಮಗ್ಗುಲಿಗೆ ಅಚ್ಚು ಹಾಕಿಸಿ ಲೈಬ್ರರಿಯೊಂದಕ್ಕೇ ಎರಡು ಬಂಡಲ್ ಕಳಿಸಿದ್ದಾರೆ. ಮೂವತ್ತೊಂದು ವರ್ಷ ಅಲ್ಲಿ ಪುಸ್ತಕ ಜೋಡಿಸಿದವಳೆಂದು ನನಗೂ ಒಂದು ಕಟ್ಟು ಕೊಟ್ಟರು. ಇನ್ನು ನಾನು ಸಾಯುವವರೆಗೆ ಪತ್ರ ಬರೆಯಲು ಹಾಳೆ ಕೊಳ್ಳಬೇಕಾಗಿಲ್ಲ. ಸಮಿತಿಯಿಂದ ಆದ ಉಪಕಾರ ಇದೊಂದೇ.

ಈಗ ವಿಷಯಕ್ಕೆ ಬರುತ್ತೇನೆ. ಲೈಬ್ರರಿ ಹಿಂದಿನ ಕೊಳವನ್ನು ಮುಚ್ಚುತ್ತಾರಂತೆ. ಹದಿನೇಳನೇ ತಾರೀಖು ಸೋಮವಾರ ಮಣ್ಣಿನ ಲಾರಿ ಬರುತ್ತದೆ. ಮುಚ್ಚಿ, ಮೇಲೆ ಸಿಮೆಂಟು ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಫೋಟೋ ತೆಗೆಸಿಕೊಳ್ಳಲು 'ನಮ್ಮ ಹಸಿರು' ಎಂದು ಬರೆದ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಾರೆ. ತಪಾಸಣೆಗೆ ಬರುವ ತಂಡಕ್ಕೆ ಹಸಿರು ಕಾಣಬೇಕಲ್ಲ! ಸಮಿತಿಯ ಅಧ್ಯಕ್ಷರು ನಿನಗೆ ಗೊತ್ತೇ ಇದ್ದಾರೆ, ಸದಾ ಹಸಿರು ಟೈ ಕಟ್ಟಿ ಓಡಾಡುವವರು. 'ಓಡಾಡುವವರು' ಅಂದದ್ದು ತಪ್ಪಾಯಿತು. ಆಫೀಸಿನಿಂದ ಲೈಬ್ರರಿಗೆ ಮುನ್ನೂರು ಹೆಜ್ಜೆ, ಅಷ್ಟಕ್ಕೂ ಕಾರು ಬೇಕು. ಅವರು ಒಳಗೆ ಭಾಷಣ ಮಾಡುತ್ತಿದ್ದರೆ ಹೊರಗೆ ಅವರ ಕಾರು ಏಸಿ ಹಾಕಿಕೊಂಡು ಗುರುಗುಟ್ಟುತ್ತಾ ನಿಂತಿರುತ್ತದೆ. ಪ್ಲಾಸ್ಟಿಕ್ ಹುಲ್ಲು ಯಾಕೆ ಸಾರ್ ಎಂದು ಎದುರಿಗೇ ಕೇಳಿದೆ. 'ಮೇಡಂ, ಇದಕ್ಕೆ ನೀರೇ ಹಾಕೋ ಹಾಗಿಲ್ಲ. ಎಷ್ಟು ನೀರು ಉಳಿಯುತ್ತೆ ನೋಡಿ!' ಅಂದರು. ಇಂಥ ತಲೆ ಅಧ್ಯಕ್ಷರಾಗದೆ ಇನ್ನೇನಾಗಬೇಕು?

ಕೊಳವೇ ಯಾಕೆ ಅಂದರೆ, ಅದು ಒಣಗಿದೆಯಂತೆ. ಒಣಗದೆ ಏನು ಮಾಡುತ್ತದೆ? ಮೂರು ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಉಳಿದ ನೀರನ್ನು ಮರಗಳಿಗೆ ಹರಿಸಿ, ತಳದ ಹೂಳು ತೆಗೆದು, ಮಳೆಗೆ ಕಾಯುವುದು ಅಪ್ಪ ಮಾಲಿಯಾಗಿದ್ದ ಕಾಲದಿಂದ ನಡೆದ ಕ್ರಮ. ಈಗಿನ ಮಾಲಿ ಅಪ್ಪನ ಕೈಯಲ್ಲಿ ಪಳಗಿದವನು, ಹೋದ ತಿಂಗಳು ಅದನ್ನೇ ಮಾಡಿದ. ಪಾಪ, ನನ್ನ ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಂಡ: 'ಖಾಲಿ ಮಾಡಿದ್ದು ನಾನೇ ಅಕ್ಕಾ. ಅವತ್ತೇ ಸಮಿತಿಯವ್ರು ಬಂದ್ರು, ಇಣುಕಿದ್ರು, ಒಣಗಿದೆ ಅಂತ ಬರ್ಕೊಂಡು ಹೋದ್ರು. ನನ್ನ ಒಂದು ಮಾತು ಕೇಳೋಕೂ ಯಾರೂ ನಿಲ್ಲಲಿಲ್ಲ.' ಒಗೆಯಲು ಬಿಚ್ಚಿಟ್ಟ ಅಂಗಿ ನೋಡಿ ಆಸಾಮಿ ಸತ್ತನೆಂದು ಬರೆದುಕೊಂಡ ಹಾಗಾಯಿತು. ಹಗಲು ಕಂಡ ಬಾವಿಗೆ ಇರುಳು ಬಿದ್ದವರನ್ನು ಕೇಳಿದ್ದೇವೆ. ಇವರು ಹಗಲು ಕಂಡ ಕೊಳವನ್ನು ಹಗಲೇ ಹೂಳುತ್ತಿದ್ದಾರೆ.

ಲೈಬ್ರರಿ ಮತ್ತು ಪಾಠದ ಕಟ್ಟಡಗಳ ಮಾಡಿನ ಮಳೆಯೆಲ್ಲ ಅಪ್ಪ ತೋಡಿದ ಕಾಲುವೆಯಲ್ಲಿ ಇಳಿದು ಆ ಕೊಳ ಸೇರುತ್ತದೆ. ಅಲ್ಲಿಂದ ಇಂಗಿದ ನೀರೇ ಹುಡುಗಿಯರ ಹಾಸ್ಟೆಲಿನ ಬಾವಿಗೆ ಆಧಾರ. ನಲ್ಲಿ ನಿಂತುಹೋದ ಆ ಎರಡು ಬೇಸಿಗೆ ಹಾಸ್ಟೆಲ್ ಮುಚ್ಚದೆ ಉಳಿದದ್ದು ಆ ಬಾವಿಯಿಂದ. ಇವರಿಗೆ ನೆನಪಿಲ್ಲ, ನನಗಿದೆ. ಏಳು ವರ್ಷದ ನೀನು 'ನಾನೇ ಈಜ್ತೀನಿ' ಎಂದು ಹಾರಿ ತಳ ಕಂಡದ್ದೂ, ಅಪ್ಪ ಕೈಯಲ್ಲಿದ್ದ ಗುದ್ದಲಿ ಎಸೆದು ಧುಮುಕಿ ಕೂದಲು ಹಿಡಿದು ಎಳೆದದ್ದೂ, ಆಮೇಲೆ ಅಮ್ಮ ಇಬ್ಬರಿಗೂ ಸೇರಿಸಿ ಬೈದದ್ದೂ ಅಲ್ಲೇ.

ನೀನು ಊರಲ್ಲಿಲ್ಲದ ಹೊತ್ತು ನೋಡಿಯೇ ಇದನ್ನು ಮಾಡುತ್ತಿದ್ದಾರೆ. ನೀರಿನ ಪಾಠ ಹೇಳುವ ಮೇಷ್ಟ್ರು, ಮೇಲಾಗಿ ಆ ಮಾಲಿಯ ಮಗ, ನೀನು ಇಲ್ಲಿದ್ದಿದ್ದರೆ ಯಾರಿಗೆ ಧೈರ್ಯ ಬರುತ್ತಿತ್ತು? ಕುಲಪತಿಗಳಿಗೆ ಒಂದು ಪತ್ರ ಬರೆದು ತಡೆ. ಮಿಕ್ಕವರ ಮೇಲೆ ನನಗೆ ಕಾಸಿನಷ್ಟೂ ನಂಬಿಕೆಯಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾಷಣ ಕೇಳುವಾಗ ನೆಟ್ಟಗೆ ಕೂರು. ನಿನಗೆ ಒಳ್ಳೆಯದಾಗಲಿ.

ಇತಿ,
ನಿನ್ನ ಅಕ್ಕ

ಮರೆತಿದ್ದು: ಕವರಿಗೆ ಅಂಟು ಹಚ್ಚುವಾಗ ಮಾಲಿ ಆದೇಶದ ಜೆರಾಕ್ಸ್ ತಂದುಕೊಟ್ಟ. ಎರಡನೇ ಹಾಳೆಯಲ್ಲಿ ತಜ್ಞರ ಪ್ರಮಾಣಪತ್ರ ಇದೆ: 'ಸದರಿ ಜಾಗವು ನೀರು ನಿಲ್ಲದ ನಿರುಪಯುಕ್ತ ಗುಂಡಿಯಾಗಿರುತ್ತದೆ.' ತಾರೀಖು ನೀನು ಹೊರಟ ಹಿಂದಿನ ದಿನದ್ದು. ಸಹಿಯ ಕೆಳಗೆ ಅಪ್ಪ ನಿನಗೆ ಕಲಿಸಿದ ಎರಡು ಚುಕ್ಕಿಗಳೂ ಇವೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಹೊಡೆದುಹಾಕುವುದಿಲ್ಲ, ಓದಿಕೋ. ಕುಲಪತಿಗಳಿಗೆ ಬರೆಯುವಾಗ ಪ್ರಮಾಣಪತ್ರಕ್ಕೆ ಇನ್ನೊಂದು ಸಾಲು ಸೇರಿಸು: ನೀರು ನಿಲ್ಲದ ಗುಂಡಿಯಲ್ಲಿ ತಜ್ಞರು ಏಳನೇ ವಯಸ್ಸಿನಲ್ಲಿ ಮುಳುಗಿದ್ದು ಹೇಗೆ? ಹದಿನೇಳರೊಳಗೆ ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ. ಹಾಳೆ ಒಂದು ಕಟ್ಟು ಇದೆ.