ಪಿಟೀಲಿನ ಕವರಿನಲ್ಲಿದ್ದ ರೆಕಾರ್ಡು

ಎನ್.ಆರ್. ಕಾಲೋನಿ, ಬೆಂಗಳೂರು
9 ಮಾರ್ಚ್ 2025, ಭಾನುವಾರ

ಪ್ರೀತಿಯ ಯಶೋಧರಾ,

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಎರಡು ಸಲ ಬರೆಯಲು ಕುಳಿತು ಎರಡು ಸಲವೂ ಹರಿದು ಹಾಕಿದೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಮಾತು ಬದಲಾಯಿಸಿಬಿಡುತ್ತೇನೆಂದು ನನಗೇ ಗೊತ್ತು.

ಹುಬ್ಬಳ್ಳಿಯಲ್ಲಿ ಆಗಲೇ ಬಿಸಿಲು ಜೋರಾಗಿರಬೇಕು. ನಮ್ಮ ಬೀದಿಯ ಹೊಂಗೆ ಚಿಗುರಿದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ.

ಅಣ್ಣ ಕೊಟ್ಟಿದ್ದ ಸರೋದ್ ಆಲ್ಬಮ್ಮನ್ನೇ ದಿನವೂ ಕೇಳುತ್ತಿದ್ದೇನೆ, ಎರಡನೇ ಬದಿಯಲ್ಲಿ ಮಾರ್ವಾ ರಾಗ ಶುರುವಾದರೆ ಕೂರಲಾಗದೆ ಎದ್ದುಹೋಗುತ್ತೇನೆ ಎಂದು ನೀನು ಬರೆದಿದ್ದೆ. ಓದಿ ಕಣ್ಣೀರು ಬಂತು. ನಾನು ಈಗ ಏನನ್ನೂ ಕೇಳುತ್ತಿಲ್ಲ. ಸ್ಪೀಕರಿನ ಮೇಲೆ ಒಗೆದ ಬಟ್ಟೆ ಮಡಿಸಿಡುತ್ತೇನೆ.

ಕೊನೆಯ ಸಾಲಿನಲ್ಲಿ ನೀನು ಕೇಳಿದ್ದೆ: "ಅಣ್ಣ ಇದ್ದಾಗಲೇ ಅವನ ಭಾನುವಾರದ ಕೂಟ ಯಾಕೆ ನಿಂತ್ಹೋಯ್ತು? ಅತ್ತಿಗೆ ಬಾಯೇ ಬಿಡ್ತಿಲ್ಲ. ನೀನಾದ್ರೂ ಹೇಳು." ಹೇಳುತ್ತೇನೆ.

ಕೂಟ ಶುರುವಾದದ್ದು ನೀನು ಮದುವೆಯಾಗಿ ಹೋದಮೇಲೆ. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚಾಮರಾಜಪೇಟೆಯ ನಿಮ್ಮ ಮನೆಯ ಹಜಾರದಲ್ಲಿ ನಾವು ನಾಲ್ಕು ಜನ ಸೇರುತ್ತಿದ್ದೆವು. ನಿಮ್ಮ ಚಿದಂಬರಣ್ಣ, ನಾನು, ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಮಾವಳ್ಳಿಯ ದೊಡ್ಡಬೈರಪ್ಪನವರು, ಕಾಲೇಜಿನಲ್ಲಿ ಪಾಠ ಮಾಡುವ ನಿತೀಶ್. ಕುಳಿತ ಕೂಡಲೇ ನಿಮ್ಮಣ್ಣ "ಹೂಂ, ಈಗೇನು ಕೇಳ್ತಿದೀರಾ?" ಅನ್ನುತ್ತಿದ್ದರು. ಒಬ್ಬೊಬ್ಬರೂ ಆ ವಾರ ಕೇಳಿದ ಆಲ್ಬಮ್ಮಿನ ಬಗ್ಗೆ ಹೇಳಿ ಒಂದು ತುಣುಕು ಕೇಳಿಸಬೇಕು. ಬೈರಪ್ಪನವರಿಗೆ ನಾಗಸ್ವರ ಬಿಟ್ಟರೆ ಬೇರೆ ಬೇಡ. ನಿತೀಶನದು ಯಾವುದೋ ಚಳಿದೇಶದ ಬ್ಯಾಂಡು. ಅದು ಕೂಗಲು ತೊಡಗಿದರೆ ಶೈಲಜತ್ತಿಗೆ ಒಳಗಿನಿಂದ, "ಕುಕ್ಕರ್ ಸೀಟಿ ಯಾವ್ದು, ಇದ್ಯಾವ್ದು ಗೊತ್ತಾಗ್ತಿಲ್ಲಪ್ಪ ನಿತೀಶ್" ಅನ್ನುವರು. ಹೀಗೆ ಅದೆಷ್ಟು ವರ್ಷ!

ಕಳೆದ ಜುಲೈನಲ್ಲಿ ನಿಮ್ಮಣ್ಣನಿಗೆ ಸ್ಟ್ರೋಕ್ ಆದದ್ದು ನಿನಗೆ ಗೊತ್ತೇ ಇದೆ. ಕೈ ಸರಿಹೋಯಿತು, ಮಾತೂ ಸರಿಹೋಯಿತು. ಸೆಪ್ಟೆಂಬರಿನಲ್ಲಿ ಅವರೇ ಎಲ್ಲರಿಗೂ ಫೋನು ಮಾಡಿ, "ಬನ್ರೋ, ಬದುಕಿದೀನಿ" ಎಂದು ಕರೆದರು. ಮೊದಲಿನ ಹಾಗೇ ರೆಕಾರ್ಡು ಹಾಕುತ್ತಿದ್ದರು, ಮೊದಲಿಗಿಂತ ಜಾಸ್ತಿ ಮಾತಾಡುತ್ತಿದ್ದರು. ಆದರೆ ಮೊದಲಿನ ಹಾಗೆ ತೊಡೆಯ ಮೇಲೆ ತಾಳ ಹಾಕುತ್ತಿರಲಿಲ್ಲ. ಸುಸ್ತಿರಬಹುದು ಎಂದುಕೊಂಡರು ಎಲ್ಲರೂ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಅವರ ಪ್ರೀತಿಯ ಪಿಟೀಲಿನ ಎಲ್‌ಪಿ, ಕವರಿನ ಅಂಚು ಸವೆದು ಟೇಪು ಅಂಟಿಸಿದ್ದು, ಅದನ್ನು ಹಾಕಿದರು. ಲೇಬಲ್ ಓದುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಸೂಜಿ ಮುಟ್ಟಿದರೆ ಸಾಕು, ಗೊತ್ತಾಗುತ್ತಿತ್ತು. ಆವತ್ತು ಕೇಳಿಬಂದದ್ದು ಪಿಟೀಲಲ್ಲ, ಕ್ಲಾರಿಯೊನೆಟ್. ಧೂಳು ಒರೆಸುವಾಗ ಕವರುಗಳು ಅದಲುಬದಲಾಗಿದ್ದವು. ನಿಮ್ಮಣ್ಣ ಕಣ್ಣುಮುಚ್ಚಿ ಹೇಳುತ್ತಿದ್ದರು: "ಕೇಳಿ, ಕಮಾನು ಎತ್ತೋದೇ ಇಲ್ಲ ಪುಣ್ಯಾತ್ಮ. ಒಂದೇ ಎಳೆ. ನಾಲ್ಕು ತಂತೀನೂ ಅಳ್ತಾವೆ ನೋಡಿ."

ಕ್ಲಾರಿಯೊನೆಟ್ ನುಡಿಯುತ್ತಲೇ ಇತ್ತು. ನಿತೀಶ್ ನೆಲ ನೋಡಿದ. ಬೈರಪ್ಪನವರು ಮೆಲ್ಲಗೆ, "ಹೌದು ಚಿದಂಬರ, ಆ ಎಳೆತ ಬೇರೆ ಯಾರಿಗೂ ಬರಲ್ಲ" ಅಂದರು. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ನಮ್ಮಲ್ಲಿ ಒಬ್ಬರು ಗಟ್ಟಿಯಾಗಿ, "ಇದು ಪಿಟೀಲಲ್ಲ, ಕ್ಲಾರಿಯೊನೆಟ್ಟು. ಇಷ್ಟೂ ಗೊತ್ತಾಗಲ್ವಾ?" ಅಂದುಬಿಟ್ಟರು. ಯಾರು ಎಂದು ಕೇಳಬೇಡ.

ನಿಮ್ಮಣ್ಣ ಕಣ್ಣುಬಿಟ್ಟರು. ತಿರುಗುತ್ತಿದ್ದ ರೆಕಾರ್ಡಿನ ಹತ್ತಿರ ಬಗ್ಗಿ ಲೇಬಲ್ ಓದಲು ನೋಡಿದರು. ತಿರುಗುವಾಗ ಅಕ್ಷರ ಎಲ್ಲಿ ಕಾಣುತ್ತದೆ? ಸೂಜಿ ಎತ್ತಿದರು. ಅದು ಕರ್ರೆಂದು ಗೀಚಿತು. "ಹೌದಾ," ಅಂದರು. ಅಷ್ಟೇ. ಅತ್ತಿಗೆ ಕಾಫಿ ತಂದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ನಾವು ಹೊರಡುವಾಗ ನಿಮ್ಮಣ್ಣ ಚಪ್ಪಲಿ ಬಿಡುವ ಜಾಗದ ತನಕ ಬಂದು, "ಮುಂದಿನ ವಾರ ಬೇಡ ಬಿಡಿ, ಒಂದಿಷ್ಟು ದಿನ ಬೇಡ" ಅಂದರು. ಕೂಟ ನಿಂತದ್ದು ಹಾಗೆ.

ಆಮೇಲೆ ಅವರು ನಿಜ ಹೇಳಿದ್ದು ಬೈರಪ್ಪನವರೊಬ್ಬರಿಗೆ. "ಕಿವಿ ಸರಿಯಾಗೇ ಇದೆಯಂತೆ. ಮಾತು ಕೇಳುತ್ತೆ, ಆಟೋ ಹಾರ್ನ್ ಕೇಳುತ್ತೆ. ಹಾಡು ಹಾಕಿದ್ರೆ ಮಾತ್ರ ಪಾತ್ರೆ ಅಂಗಡಿ ಮಧ್ಯೆ ಕೂತ ಹಾಗೆ. ರಾಗ ಇಲ್ಲ, ಏನೂ ಇಲ್ಲ, ಬರೀ ಸದ್ದು. ಮಿದುಳಲ್ಲಿ ಆ ಜಾಗವೇ ಹೋಗಿದೆ ಅಂತಾರೆ ಡಾಕ್ಟ್ರು." ಅಷ್ಟೂ ತಿಂಗಳು ಅವರು ನೆನಪಿನಿಂದಲೇ ಮಾತಾಡಿದ್ದರು, ಯಶೋಧರಾ. ಒಂದೊಂದು ಆಲ್ಬಮ್ಮೂ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಬಾಯಿಪಾಠವಾಗಿತ್ತಲ್ಲ, ಗಡಿಯಾರ ನೋಡಿಕೊಂಡು "ಈಗ ಬರುತ್ತೆ ನೋಡಿ" ಅನ್ನುತ್ತಿದ್ದರು.

ಆಮೇಲೂ ಬೈರಪ್ಪನವರು ಭಾನುವಾರ ಹೋಗುವುದನ್ನು ಬಿಡಲಿಲ್ಲ. ಮೊದಲ ದಿನ ಅವರು ಫೋನಿನಲ್ಲಿ ನಾಗಸ್ವರ ಹಾಕಲು ಹೊರಟರೆ ನಿಮ್ಮಣ್ಣ ಕೈ ಹಿಡಿದು, "ಹಾಕ್ಬೇಡ. ಹೇಳು" ಅಂದರಂತೆ. ಬೈರಪ್ಪನವರು ಗಿಡಗಳ ಬಗ್ಗೆ ಮಾತಾಡಿ ಗೊತ್ತಿದ್ದವರು. ತಾವು ಕೇಳಿದ ತೋಡಿ ರಾಗವನ್ನು ಬೇರಿನಿಂದ ಕೊನೆಯವರೆಗೆ ವಿವರಿಸಿದರಂತೆ. ನಿಮ್ಮಣ್ಣ ಒಂದೊಂದೇ ಪ್ರಶ್ನೆ ಕೇಳಿ ಕೇಳಿ, ಕೊನೆಗೆ ತೊಡೆಯ ಮೇಲೆ ತಾಳ ಹಾಕಿದರಂತೆ. ಮುಂದಿನ ವಾರ ನಿತೀಶನೂ ಹೋದ. ಸಂಕ್ರಾಂತಿಯವರೆಗೂ ಹಾಗೇ ನಡೆಯಿತು. ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಎರಡನೇ ಸ್ಟ್ರೋಕ್. ಆಸ್ಪತ್ರೆಗೆ ಸೇರಿಸಲೂ ಅವಕಾಶ ಕೊಡದೆ ಹೊರಟುಹೋದರು.

ರೆಕಾರ್ಡುಗಳನ್ನೆಲ್ಲ ನಿನಗೇ ಕೊಡಬೇಕೆಂದು ಅತ್ತಿಗೆಯ ಆಸೆ. ಬೈರಪ್ಪನವರು ಒಂದೊಂದನ್ನೂ ಅದರ ಕವರಿಗೆ ಹೊಂದಿಸುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಬಂದು ತೆಗೆದುಕೊಂಡು ಹೋಗು. ಅತ್ತಿಗೆ ತುಂಬಾ ಇಳಿದುಹೋಗಿದ್ದಾರೆ, ನಾಲ್ಕು ದಿನ ಅವರ ಜೊತೆ ಇರು.

ನಿನ್ನ ಮೊಮ್ಮಗಳು ಮಾನ್ಯ ವೀಣೆ ಪಾಠಕ್ಕೆ ಸೇರಿದಳೆಂದು ಬರೆದಿದ್ದೆ. ಅವಳ ಬೆರಳಿಗೆ ಶಿವ ಬಲ ಕೊಡಲಿ. ತಪ್ಪು ನುಡಿಸಿದಾಗ ಯಾರೂ ನಗದಂಥ ಮನೆಯಲ್ಲಿ ಅವಳು ಕಲಿಯಲಿ. ನೀವೆಲ್ಲ ಚೆನ್ನಾಗಿರಿ.

ನಿನ್ನ ಗೆಳತಿ
ಮಹಾನಂದ

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿದ್ದವಳು ಮತ್ತೆ ಹೊರತೆಗೆದೆ. ಆ ಮಾತು ಆಡಿದವಳು ನಾನು. ನೀನು ಊಹಿಸಿರುತ್ತೀ. ಆದರೆ ನಿನಗೆ ಗೊತ್ತಿಲ್ಲದ್ದು ಇನ್ನೂ ಇದೆ. ಸೆಪ್ಟೆಂಬರಿನಲ್ಲೇ ಶೈಲಜತ್ತಿಗೆ ನನಗೆ ಫೋನು ಮಾಡಿ, "ಇವ್ರಿಗೆ ಹಾಡು ಹಾಡಾಗಿ ಕೇಳ್ತಿಲ್ಲ ಕಣೇ. ಯಾರಿಗೂ ಹೇಳ್ಬೇಡ ಅಂದಿದಾರೆ, ನಿನಗೊಬ್ಳಿಗೇ ಹೇಳ್ತಿದೀನಿ. ಎಲ್ಲಾದ್ರೂ ತಪ್ಪಿದ್ರೆ ನೀನು ಸ್ವಲ್ಪ ನಿಭಾಯಿಸ್ಬಿಡು" ಎಂದು ಅತ್ತಿದ್ದರು. ಏನೂ ಗೊತ್ತಿರದ ಬೈರಪ್ಪನವರು ನಿಭಾಯಿಸಿದರು. ಎಲ್ಲ ಗೊತ್ತಿದ್ದ ನಾನು ಅಂದುಬಿಟ್ಟೆ.

ಬಹಳ ಹಿಂದೆ ಒಂದು ಭಾನುವಾರ ನಾನು ರಾಗದ ಹೆಸರು ತಪ್ಪು ಹೇಳಿದೆ. ನಿಮ್ಮಣ್ಣ ಎಲ್ಲರೆದುರು, "ಮಹಾನಂದ ಕಿವೀನ ಅಕ್ಕಿಪೇಟೆ ಅಂಗಡೀಲೇ ಬಿಟ್ಟು ಬಂದಿದಾಳೆ" ಎಂದು ನಕ್ಕರು. ಅಪ್ಪನ ಅಂಗಡಿಯಲ್ಲಿ ಅಕ್ಕಿ ಅಳೆದು ಬೆಳೆದವಳು ನಾನು. ಅವರು ಅದನ್ನು ಆ ಮಧ್ಯಾಹ್ನವೇ ಮರೆತಿರಬೇಕು. ನಾನು ಮರೆಯಲಿಲ್ಲ.

ಕೂಟ ನಿಂತ ಮೇಲೆ ಪ್ರತಿ ವಾರವೂ ಅವರು ಬೈರಪ್ಪನವರ ಹತ್ತಿರ ನನ್ನನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸುತ್ತಿದ್ದರು. ಮಂಡಿನೋವು ಎಂದೆ. ನಡೆದರೆ ಅರ್ಧ ಗಂಟೆಯೂ ಆಗದ ದಾರಿ. ಹೋಗಲಿಲ್ಲ.

ಆವತ್ತು ಅವರು ರೆಕಾರ್ಡಿನ ಮೇಲೆ ಬಗ್ಗಿದಾಗ, ಒಂದೇ ಒಂದು ಕ್ಷಣ, ನನಗೆ ಸಂತೋಷವಾಗಿತ್ತು, ಯಶೋಧರಾ.